ಒಲಿ ಮುಂದಿನ ಸೆರಗು

ಯುದ್ಧ ಮುಗಿದ ಹೊಸತು. ಗಂಡ ತೀರಿಹೋದ ಮ್ಯಾಲ ಮನ್ಯಾಗ ಉಳಿದವ್ರು ನಾನು, ನಮ್ಮತ್ತಿ ಇಬ್ಬರ. ಅಳಕೋತ ಕುಂದ್ರೂ ಜಾಯಮಾನ ನಂದಲ್ಲ. ಗೋಳಗುಮ್ಮಟದ ಹಿಂದ ಒಂದು ಪತ್ರಾಸ ತಗಡಿನ ಛಪ್ಪರ ಬಾಡಿಗಿ ಹಿಡದು, ಐದಾರು ಹೆಣ್ಮಕ್ಕಳನ್ನ ಕೂಡಿಸಿ, ಹತ್ತಿ ಗಿರಣಿ ಆಳುಗಳಿಗೆ ರೊಟ್ಟಿ ಮಾಡಿ ಕೊಡಾಕ ನಿಂತೆ.

ಬಂದವ್ರೆಲ್ಲಾ ನಮ್ಮ ಓಣಿ ಸೊಸ್ತೇರು. ತಿಕೋಟಾ, ಬಬಲೇಶ್ವರ ಕಡೆಯಿಂದ ಮದುವ್ಯಾಗಿ ಬಂದ ಪೋರಿಗೋಳು. ರೊಟ್ಟಿ ಬಡಿಯೂದ್ರಾಗ ಒಬ್ಬಾಕಿನ್ನ ಮೀರಿಸಿ ಒಬ್ಬಾಕಿ. ಆದ್ರೂ ಗಿರಣಿಗೆ ಹೋಗೂ ರೊಟ್ಟಿ ಸುಟ್ಟಿರ್ತಿದ್ವು, ಇಲ್ಲಾ ಹಸಿ ಇರ್ತಿದ್ವು. ಗಿರಣಿ ಸಾವ್ಕಾರ ಬಾಗಲಿಗೇ ಬಂದ, "ಇನ್ನೊಮ್ಮೆ ಹಿಂಗಾದ್ರ ಬ್ಯಾರೆ ಕಡೆ ನೋಡ್ತೀನ್ರಿ ಅಕ್ಕಾರ" ಅಂದ. ಮಾತೇನೋ ಮೆತ್ತಗಿತ್ತು. ಆದ್ರ ಆ ಒಂದ ಗಿರಣಿ ಬಿಟ್ರ ನಮಗ ಬ್ಯಾರೆ ಗಿರಾಕಿ ಇರಲಿಲ್ಲ.

ಮೊದಲ ದಿನದಿಂದ ಮ್ಯಾಲ ನಿಂತು ನೋಡಾಕ ಅಂತ ಅತ್ತಿನ್ನ ಕೂಡಿಸಿದಾಕಿ ನಾನ. ಹಿರಿ ಹೆಂಗಸು ಕಣ್ಮುಂದ ಇದ್ರ ಕೆಲಸ ನೆಟ್ಟಗ ಆಗ್ತೈತಿ ಅಂತ ನನ್ನ ಎಣಿಕಿ. ಆಕಿ ಬಾಗಲದಾಗ ಕಂಬಳಿ ಹಾಸಿ ಕುಂತ್ರ ಸೊಸ್ತೇರೆಲ್ಲಾ ಹಣಿಮಟ ಸೆರಗು ಎಳಕೋತಿದ್ರು. ಓಣಿಗೇ ಹಿರ್ಯಾಳು, ಆಕಿ ಮುಂದ ಬರಿ ತಲಿ ಹೆಂಗ? ಕೈತುಂಬ ಹಿಟ್ಟು, ಸೆರಗು ಕಣ್ಣಮ್ಯಾಲ ಜಾರ್ತೈತಿ, ಮೊಣಕೈಲೆ ಸರಿಸಬೇಕು, ಅಷ್ಟ್ರಾಗ ಹಂಚಿನ ಮ್ಯಾಲಿಂದು ಕರ್ರಗ. "ಕಣ್ಣ ಕಾಣಂಗಿಲ್ರಿ" ಅಂದ್ರ ಅತ್ತಿ, "ಕುಣಿಲಾರದಾಕಿ ಅಂಗಳ ಡೊಂಕ ಅಂದ್ಲಂತ" ಅಂತ ಹೀಯಾಳಿಸಾಕಿ.

ಒಂದಿನ ತಿಕೋಟಾದ ಹುಡುಗಿ ಸೆರಗಿಗೆ ಒಲಿ ಕಿಡಿ ಹತ್ತಿತು. ಕೊಡದ ನೀರು ಸುರುವಿ ಆರಿಸಿದ್ವಿ. ಆಕಿ ಆ ಸುಟ್ಟ ಸೆರಗನ್ನ ಮತ್ತ ತಲಿಮ್ಯಾಲ ಎಳಕೊಂಡ್ಲು. ಅದನ್ನ ನೋಡಿ ನನಗ ಸಿಟ್ಟು ನೆತ್ತಿಗೇರಿತು. ಆಕಿ ಮ್ಯಾಲ ಅಲ್ಲ. ಕೆಲಸಕ್ಕ ಕರದು ಕಣ್ಣು ಕಟ್ಟಿ ಕೂಡಿಸಿದ್ರ ರೊಟ್ಟಿ ಹೆಂಗ ನೆಟ್ಟಗ ಆಗ್ತಾವು?

"ಇವತ್ತಿನಿಂದ ಈ ಛಪ್ಪರದಾಗ ಯಾರೂ ತಲಿಮ್ಯಾಲ ಸೆರಗು ಹಾಕೂದು ಬ್ಯಾಡ" ಅಂದೆ. ಎಲ್ಲಾರೂ ನನ್ನ ತಲಿನ್ನ ನೋಡಾಕತ್ತಿದ್ರು. ನನ್ನ ಸೆರಗೂ ಹಣಿಮಟ ಇತ್ತು. ಮದುವ್ಯಾದಾಗಿಂದ ಅತ್ತಿ ಮುಂದ ನಾ ತಲಿ ತೆರದಾಕಿ ಅಲ್ಲ. ಗಂಡ ಹೋದ ಮ್ಯಾಲಂತೂ ಕೇಳೂದ ಬ್ಯಾಡ.

ಹೆದರಿಕಿ ಬಂತು, ಖರೇ ಹೇಳ್ತೀನಿ. ಅತ್ತಿ ಮುನಿಸಿಕೊಂಡು ಎದ್ದು ಹೋದ್ರ ಓಣ್ಯಾಗ ಯಾರೂ ತಮ್ಮ ಸೊಸಿನ್ನ ನಮ್ಮಲ್ಲಿಗೆ ಕಳಸಂಗಿಲ್ಲ. ಸುಟ್ಟ ರೊಟ್ಟಿ ಕಳಸಿದ್ರ ಗಿರಣಿ ಗಿರಾಕೀನೂ ಉಳಿಯಂಗಿಲ್ಲ. ಎರಡೂ ಕಡೆ ಮುಳಗೂದ ಇದ್ರ ತಲಿ ಎತ್ತೇ ಮುಳಗೂಣು ಅಂತ, ಸೆರಗು ಇಳಿಸಿ ಸೊಂಟಕ್ಕ ಸಿಗಿಸಿದೆ.

"ಅತ್ತೀ, ಮನ್ಯಾಗ ನಾ ನಿಮ್ಮ ಸೊಸಿ. ಇಲ್ಲಿ ರೊಟ್ಟಿ ಬಡಿಯಾಕಿ."

ಅತ್ತಿ ನನ್ನ ಬರಿ ತಲಿನ್ನ ನೋಡಿದ್ಲು. ಎದ್ಲು. ಹೊಂಟ್ಲು ಅಂತ ತಿಳದೆ. ಆಕಿ ತಿಕೋಟಾದ ಹುಡುಗಿ ಹತ್ರ ಹೋಗಿ, ಸುಟ್ಟ ಸೆರಗು ತಲಿಮ್ಯಾಲಿಂದ ತಗದು, ತಾನ ಆಕಿ ಸೊಂಟಕ್ಕ ಸಿಗಿಸಿದ್ಲು. ಆಮ್ಯಾಲ ಕಂಬಳಿ ಎಳಕೊಂಡು ಬಂದು ಒಲಿ ಮುಂದ ಕುಂತು, ತನ್ನ ಸೆರಗೂ ಹಿಂದಕ್ಕ ಸರಿಸಿದ್ಲು. ಹಣಿಮ್ಯಾಲ, ಕೂದಲ ಅಂಚಿಗೆ, ಹಳೇ ಸುಟ್ಟ ಕಲಿ ಇತ್ತು. ಇಷ್ಟ ವರ್ಷ ಒಂದ ಮನ್ಯಾಗ ಇದ್ದು ನಾ ಅದನ್ನ ಕಂಡಿರಲಿಲ್ಲ.

"ನಮ್ಮತ್ತಿ ಮುಂದ ಸೆರಗಿಗೆ ಬೆಂಕಿ ಹತ್ತಿದ್ದು" ಅಂದ್ಲು. "ಹಿಟ್ಟು ಇತ್ತ ಕೊಡಬೇ."

ಗಿರಣಿ ಸಾವ್ಕಾರ ಮತ್ತ ನಮ್ಮ ಬಾಗಲಿಗೆ ಬರಲಿಲ್ಲ. ದಿನಾ ಅವನ ಗಾಡಿ ಅಷ್ಟ ಬರ್ತಿತ್ತು, ರೊಟ್ಟಿ ಒಯ್ಯಾಕ.