ಮಿಕ್ಸಿಗೆ ರಜೆಯಿಲ್ಲದ ಆಯುಧಪೂಜೆ

ನಮ್ಮ ಅಡುಗೆಮನೆಯ ಪ್ಲಗ್ ಪಾಯಿಂಟಿನ ಮೇಲೆ ಇವತ್ತಿಗೂ ಒಂದು ಮಾಸಲು ಕೆಂಪು ಕಲೆಯಿದೆ. ಬಂದವರು ಅದನ್ನು ಸಾರಿನ ಹನಿಯೆಂದುಕೊಳ್ಳುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ. ಅದು ನನ್ನ ಯಜಮಾನರ ಭಕ್ತಿಯ ಗುರುತು. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, ವಿದ್ಯುತ್ತಿನ ಪಾಠಕ್ಕೇ ಹೆಸರುವಾಸಿಯಾಗಿ ನಿವೃತ್ತರಾದ ಇವರಿಗೆ, ರಾಮಕೃಷ್ಣನಗರದ ನಮ್ಮ ಮನೆಯಲ್ಲಿ ಒಂದು ಬಲ್ಬು ಕೆಟ್ಟರೂ ಸಂಭ್ರಮ. ಜೇಬಿನಲ್ಲಿ ಪೆನ್ನಿದ್ದ ಜಾಗದಲ್ಲಿ ಈಗ ಟೆಸ್ಟರ್ ಇದೆ.

ಆಯುಧಪೂಜೆಯ ದಿನ ನಮ್ಮೂರಿನಲ್ಲಿ ಯಾವ ಕಬ್ಬಿಣಕ್ಕೂ ಕುಂಕುಮ ತಪ್ಪುವುದಿಲ್ಲವೆಂಬುದು ನಿಮಗೂ ಗೊತ್ತು. ಆ ವರ್ಷ ಇವರು ಸುತ್ತಿಗೆ, ಸ್ಕ್ರೂಡ್ರೈವರುಗಳಿಂದ ಶುರುಮಾಡಿ, ಈಳಿಗೆಮಣೆ, ಮಿಕ್ಸಿಗಳನ್ನು ದಾಟಿ, ಉತ್ಸಾಹ ತಡೆಯದೆ ಆ ಪ್ಲಗ್ಗಿಗೂ ನೀರು ಜಾಸ್ತಿಯಾಗಿದ್ದ ಕುಂಕುಮ ಬಳಿದರು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದೆಂದು ನಿಯಮ. ಅದರ ಸೊಗಸು ನೋಡಿ: ಸುತ್ತಿಗೆಗೆ ರಜೆ, ಟೆಸ್ಟರಿಗೆ ರಜೆ, ಈಳಿಗೆಮಣೆ, ಮಿಕ್ಸಿಗಳಿಗೆ ಮಾತ್ರ ಮಂಗಳಾರತಿಯ ಬಿಸಿ ಆರುವ ಮೊದಲೇ ಡ್ಯೂಟಿ. ಹಬ್ಬದ ಒಬ್ಬಟ್ಟು ಆಕಾಶದಿಂದ ಉದುರುವುದಿಲ್ಲವಲ್ಲ.

ಮಗಳ ಮದುವೆ ಆಗತಾನೇ ನಿಶ್ಚಯವಾಗಿತ್ತು. ಅಂದು ಒಂದು ಗಂಟೆಗೆ ಬೀಗರು ಮೊದಲ ಸಲ ನಮ್ಮಲ್ಲಿ ಊಟಕ್ಕೆ ಬರುವವರಿದ್ದರು. ಅವರೆದುರು ಎಲೆಗೆ ಒಬ್ಬಟ್ಟು ಬೀಳದಿದ್ದರೆ ನನ್ನ ಮಾನವೇ ಹೋದಂತೆ ಎಂಬ ಭಯ ನನಗೆ ನಿಜಕ್ಕೂ ಇತ್ತು. ಬೆಂದ ಬೇಳೆ ಬೆಲ್ಲದೊಡನೆ ರುಬ್ಬಲು ಕಾಯುತ್ತಿತ್ತು. ಮಿಕ್ಸಿಯ ಸ್ವಿಚ್ಚು ಒತ್ತಿದೆ. ಇಡೀ ಮನೆಯ ಕರೆಂಟು ಹೋಯಿತು. ಮೇನ್ ಸ್ವಿಚ್ಚನ್ನು ಎಷ್ಟು ಸಲ ಎತ್ತಿದರೂ ಟಪ್ಪೆಂದು ಕೆಳಗೆ ಬಿತ್ತು.

ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡಿದರೆ, "ಟೂಲ್ಸೆಲ್ಲ ಪೂಜೆಗೆ ಇಟ್ಬುಟ್ಟಿದೀನಿ ಕಣಮ್ಮ, ನಾಳೆ ಬತ್ತೀನಿ" ಎಂದ.

"ಅವನ್ಯಾಕೆ, ನಾನಿಲ್ವಾ?" ಎಂದು ಇವರು ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಫೇಸು, ನ್ಯೂಟ್ರಲ್ಲುಗಳ ನಕ್ಷೆ ಬರೆಯತೊಡಗಿದರು. ಕೆಟ್ಟದ್ದು ಸರಿಹೋಗುವುದಕ್ಕಿಂತ, ಅದು ಯಾಕೆ ಕೆಟ್ಟಿತೆಂದು ಯಾರಿಗಾದರೂ ವಿವರಿಸುವುದರಲ್ಲೇ ಈ ಗಂಡಸರಿಗೆ ಪರಮಸುಖವೆಂದು ನನ್ನ ಗುಮಾನಿ. ಅರ್ಧ ಗಂಟೆಯಲ್ಲಿ ನಕ್ಷೆ ಚೆಂದವಾಗಿ ಮೂಡಿತು, ಕರೆಂಟು ಬರಲಿಲ್ಲ. ನಿನ್ನೆಯವರೆಗೆ ಸರಿಯಿದ್ದ ಪ್ಲಗ್ಗಿಗೆ ಇವತ್ತು ಹೊಸದಾಗಿ ಆದದ್ದೇನು ಎಂದು ನಾನು ಮಿಕ್ಸಿಯ ವೈರು ಕಿತ್ತು ಬಗ್ಗಿ ನೋಡಿದೆ. ಕುಂಕುಮದ ನೀರು ಮೂರು ತೂತುಗಳೊಳಗೂ ಇಳಿದಿತ್ತು.

"ರೀ, ಮೇನ್ ಆಫ್ ಇರ್ಲಿ, ಸ್ಕ್ರೂಡ್ರೈವರ್ ಕೊಡಿ."

"ಪೂಜೆಗಿಟ್ಟಿದ್ದನ್ನ ಮುಟ್ಟಬಾರ್ದು ಕಣೇ," ಎಂದರು ಭೌತಶಾಸ್ತ್ರದ ಮೇಷ್ಟ್ರು.

"ಮಿಕ್ಸಿನೂ ಪೂಜೆಗೇ ಇಟ್ಟಿದ್ದು. ಹಂಗಾದ್ರೆ ಒಬ್ಬಟ್ಟು ಬೇಡ್ವಾ?"

ಇವರು ಮತ್ತೆ ನಕ್ಷೆಯತ್ತ ಬಗ್ಗಿದರು. ನಾನೇ ಹೂವು ಸರಿಸಿ ಸ್ಕ್ರೂಡ್ರೈವರ್ ತೆಗೆದುಕೊಂಡು, ಪ್ಲಗ್ಗಿನ ಮುಚ್ಚಳ ಬಿಚ್ಚಿ, ಹಳೇ ಪಂಚೆಯ ಚೂರಿನಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಮತ್ತೆ ಬಿಗಿದೆ. ಮಿಕ್ಸಿ ಗುರ್ರೆಂದಿತು. ಇವರು ಸ್ಕ್ರೂಡ್ರೈವರನ್ನು ತೊಳೆದು, ಹೊಸ ಹೂವಿಟ್ಟು ಮರುಪೂಜೆ ಮಾಡಿದರು. ನನಗೆ ಮೈಯೆಲ್ಲ ಉರಿಯಿತು.

ಊಟಕ್ಕೆ ಕುಳಿತ ಬೀಗರು ಒಬ್ಬಟ್ಟು ಬಲು ಮೆತ್ತಗಿದೆಯೆಂದು ಹೊಗಳಿದರು. ಇವರು ಬೆಳಗಿನ ಕಥೆ ತೆಗೆದು, "ಏನಿಲ್ಲ, ಸಣ್ಣ ಲೀಕೇಜು. ನಾನು ಡಯಾಗ್ರಾಂ ಹಾಕಿದ ಕೂಡ್ಲೇ ಸಿಕ್ಬುಡ್ತು" ಎಂದರು. ಬೀಗರು ತಲೆದೂಗಿದರು. ಎರಡನೆಯ ಸಲ ಬಡಿಸುತ್ತ ಬಂದ ನಾನು ಬೀಗರಿಗೆ ಎರಡು, ಬೀಗಿತ್ತಿಗೆ ಎರಡು ಹಾಕಿ, ಇವರ ಎಲೆಯನ್ನು ದಾಟಿ ಮುಂದೆ ಹೋದೆ.

"ನಂಗೆ?" ಎಂದರು.

"ಡಯಾಗ್ರಾಂ ಹಾಕಿ, ಸಿಕ್ಬುಡುತ್ತೆ."

ಮೊದಲು ನಕ್ಕವರು ಬೀಗಿತ್ತಿ.