ಬಿಳಿ ಗಾಡಿ, ಕರಿ ಗಾಡಿ, ಒಂದು ಬಟ್ಟಲು ಭಂಡಾರ

ಬನಹಟ್ಟಿಯ ನಮ್ಮ ಶೆಡ್ಡಿನಲ್ಲಿ ಎರಡು ಹಳೆಯ ಜರ್ಮನ್ ಕಾರುಗಳಿದ್ದವು. ಒಂದು ಬಿಳಿ, ಒಂದು ಕರಿ. ಅವು ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಕಾಕಾ ಪುಣೆಯಿಂದ ತಂದಿದ್ದ. ನಾವಿಬ್ಬರೂ ಸೇರಿ ರಿಪೇರಿ ಮಾಡಿ ಜೀವ ತುಂಬಿದ್ದೆವು. ಈಗ ಇಂಥ ಗಾಡಿಗಳನ್ನು ಹುಡುಕಿಕೊಂಡು ಜನ ಬರುತ್ತಾರೆ. ಹೋದ ವರ್ಷ ಶೆಡ್ಡಿಗೆ ಹೊಸ ಮಗ್ಗ ಹಾಕುವುದೆಂದಾಯಿತು. ಇನ್ನು ಒಂದೇ ಕಾರಿಗೆ ಜಾಗ. ಹಳೇ ಕಾರುಗಳ ಹುಚ್ಚಿದ್ದ ಮುಧೋಳದ ಜಮೀನುದಾರರೊಬ್ಬರು ನೋಡಲು ಬರುತ್ತೇನೆಂದರು. ಕರಿಯದನ್ನು ಅವರ ಕೊರಳಿಗೆ ಕಟ್ಟಿ ಬಿಳಿಯದನ್ನು ಉಳಿಸಿಕೊಳ್ಳಬೇಕೆಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.

ಲೆಕ್ಕಕ್ಕೆ ನೋಡಿದರೆ ಕರಿಯದೇ ದೊಡ್ಡದು. ಆರು ಸಿಲಿಂಡರು, ತಾನೇ ಬದಲಾಗುವ ಗೇರು, ಕೂತರೆ ಏಳಲು ಮನಸ್ಸಾಗದ ಸೀಟು. ಬಿಳಿಯದಕ್ಕೆ ನಾಲ್ಕೇ ಸಿಲಿಂಡರು, ಎಸಿ ತನಗೆ ಮನಸ್ಸು ಬಂದಾಗ ಮಾತ್ರ. ಆದರೆ ಮೈ ಹಗುರ. ಅನಗವಾಡಿಯ ಕಡೆ ತಿರುವಿನಲ್ಲಿ ಹೊರಳಿಸಿದರೆ ರಸ್ತೆಯ ಒಂದೊಂದು ಕಲ್ಲೂ ಸ್ಟಿಯರಿಂಗಿನಲ್ಲಿ ಕೈಗೆ ತಿಳಿಯುತ್ತಿತ್ತು. ಅದರಲ್ಲಿ ಕೂತಾಗ ಮಾತ್ರ ನನ್ನ ಹಾಳು ಸಿಟ್ಟು ನನಗೆ ಮರೆತುಹೋಗುತ್ತಿತ್ತು.

ಬಂದವರು ಎರಡನ್ನೂ ಜಮಖಂಡಿ ರಸ್ತೆಯಲ್ಲಿ ಓಡಿಸಿದರು. ಪಕ್ಕದಲ್ಲಿ ಕೂತ ನಾನು ಕರಿಯದನ್ನು ಬಾಯ್ತುಂಬ ಹೊಗಳಿದೆ. ಬಿಳಿಯದು ಓಡುವಾಗ ಇಲ್ಲದ ರೋಗ ಹುಡುಕಿದೆ. ಮುಂದೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ಸಿಕ್ಕಾಗ ಅವರು ಮೂರನೇ ಗೇರಿಗೆ ಇಳಿಸಿ ಒತ್ತಿದರು. ಬಿಳಿ ಗಾಡಿ ಟ್ರೇಲರುಗಳನ್ನು ದಾಟಿ ಚಿಮ್ಮಿತು. ಅವರ ಮುಖ ಅರಳಿತು.

"ಗೇರಬಾಕ್ಸ್ ಜರಾ ನಾಜೂಕ ಐತ್ರಿ," ಎಂದೆ. ಅದು ಶುದ್ಧ ಸುಳ್ಳು.

ತಿರುಗಿ ಬಂದಾಗ ಕಾಕಾ ಶೆಡ್ಡಿನ ಬಾಗಿಲಲ್ಲಿ ಭಂಡಾರದ ಬಟ್ಟಲು ಹಿಡಿದು ನಿಂತಿದ್ದ. ನಮ್ಮದು ಕುರಿ ಸಾಕಿದ ಮನೆತನ. ಕುಲದೇವರು ಬೀರೇಶ್ವರನ ಆ ಅರಿಶಿನ ಪುಡಿ ಮುಟ್ಟಿ, ಕುರಿಯ ಬಗ್ಗೆ ಕೇಳಿದ್ದಕ್ಕೆ ಇದ್ದದ್ದು ಇದ್ದಂತೆ ಹೇಳಿಯೇ ಮಾರುವುದು ಅಜ್ಜನ ಕಾಲದಿಂದ ಬಂದ ಪದ್ಧತಿ.

"ಕಾಕಾ, ಇದೇನ ಕುರೀನ?" ಎಂದು ಹಲ್ಲು ಕಚ್ಚಿದೆ.

"ಕುರಿ ಮಾರಿದ್ರೂ ಅಷ್ಟ, ಕಾರ ಮಾರಿದ್ರೂ ಅಷ್ಟ. ಮುಟ್ಟಲೇ ತಮ್ಮಾ. ಸಾವಕಾರ್ರ, ನೀವ ಏನ ಕೇಳೂದೈತಿ ಕೇಳ್ರಿ."

ಮುಟ್ಟದಿದ್ದರೆ ಕಳ್ಳನೆಂದು ನಾನೇ ಒಪ್ಪಿಕೊಂಡಂತೆ. ಬಟ್ಟಲಲ್ಲಿ ಕೈಯಿಟ್ಟೆ. ಗೇರಬಾಕ್ಸಿನ ಮಾತೇ ಬರುತ್ತದೆಂದುಕೊಂಡೆ. ಅವರು ಎರಡೂ ಗಾಡಿಗಳನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

"ಎರಡರಾಗ ಒಂದ ನೀವ ಇಟ್ಗೊಳ್ಳೂದಾದ್ರ, ಯಾವುದ ಇಟ್ಗೋತೀರಿ?"

ದೇವರನ್ನು ನಾನು ಅಷ್ಟಾಗಿ ನಂಬುವವನಲ್ಲ. ಆದರೆ ಕಾಕಾ ನಂಬುತ್ತಾನೆ, ಮತ್ತು ನನ್ನನ್ನೂ ನಂಬಿ ನನ್ನ ಮುಖವನ್ನೇ ನೋಡುತ್ತಿದ್ದ.

"ಬಿಳೀದು," ಎಂದೆ.

"ಹಂಗಾರ ನನಗೂ ಅದಽ ಇರ್ಲಿರಿ."

ಕೀಲಿ ಕೊಟ್ಟೆ. ನನ್ನ ಬೆರಳಿನ ಹಳದಿ ಅದಕ್ಕೂ ಹತ್ತಿತು. ಗಾಡಿ ಮುಧೋಳದ ಕಡೆ ಹೊರಳಿ, ಮೂರನೇ ಗೇರಿಗೆ ಬಿದ್ದ ಸದ್ದು ಶೆಡ್ಡಿನವರೆಗೂ ಕೇಳಿಸಿತು. ಕಾಕಾ ಬೆನ್ನು ತಟ್ಟಿದ. "ಖರೆ ಹೇಳಿದಿ. ಛಲೋ ಆತು."

ನಾನು ಹೋಗಿ ಕರಿಯದರಲ್ಲಿ ಕೂತು, ದಡಾರನೆ ಬಾಗಿಲು ಎಳೆದುಕೊಂಡು ಕೀಲಿ ತಿರುಗಿಸಿದೆ. ಹಾಳಾದ್ದು, ಒಂದೇ ಸಲಕ್ಕೆ ಚಾಲೂ ಆಯಿತು.