ಕುದುರೆ ಉಜ್ಜುವ ಕುಂಚ

ಸ್ನೇಹಿತರೇ, ನಾನು ಹೊಳಲ್ಕೆರೆಯ ಗಿರಿಜಮ್ಮ ಬಸಪ್ಪ, ಮೂವತ್ತಾರು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ಇಂದು ಚಿತ್ರದುರ್ಗದ ವಸ್ತುಸಂಗ್ರಹಾಲಯದಲ್ಲಿ ‘ಪಾಳೆಯಗಾರರ ಕುದುರೆ ಉಜ್ಜುವ ಕುಂಚ’ ಎಂಬ ಫಲಕವನ್ನು ಗಟ್ಟಿಯಾಗಿ ಓದಿದೆ. ಪಕ್ಕದಲ್ಲಿದ್ದ ಹರಿಯಬ್ಬೆಯ ಅಜ್ಜಿಯೊಬ್ಬರು ನಕ್ಕರು.

“ಕುದ್ರೆಗಲ್ಲ ಕಣಮ್ಮ, ಕಂಬಳಿ ನೂಲಿಗೆ ಹುಣಸೆಬೀಜದ ಗಂಜಿ ಬಳಿಯೋದು. ನಮ್ಮನೆಯಾಗೂ ಐತೆ.”

ತಪ್ಪು ಮಾಹಿತಿಯನ್ನು ಸಹಿಸದ ನಾನು ಅಲ್ಲಿಯೇ ದೂರು ಬರೆದುಕೊಟ್ಟೆ. ಗುಮಾಸ್ತರು ನನ್ನ ಸಹಿ ನೋಡಿ ಹಳೆಯ ಕಡತವೊಂದನ್ನು ತೆರೆದರು.

“ಮೇಡಂ, ನಿಮ್ಮ ಶಾಲೆ ಬೀರುವಿನ ಸಾಮಾನು ಇಲ್ಲಿಗೆ ಕೊಟ್ಟಾಗ ಪಟ್ಟಿಯಾಗೆ ನೀವೇ ‘ಕುದುರೆ ಕುಂಚ’ ಅಂತ ಬರ್ದೀರಿ, ನೋಡ್ರಿ.”

ಅಕ್ಷರ ನನ್ನದೇ. ಮಕ್ಕಳಿಗೂ ಹಾಗೆಯೇ ಹೇಳುತ್ತಿದ್ದೆ. ನನಗೆ ಹೇಳಿದವರು ಯಾರೆಂಬುದು ಮಾತ್ರ ನೆನಪಾಗುತ್ತಿಲ್ಲ. ದೂರನ್ನು ಹಿಂಪಡೆಯಬೇಕೋ, ನನ್ನ ಮೇಲೆಯೇ ಮುಂದುವರಿಸಬೇಕೋ ತಿಳಿಯದು.

ಲಗತ್ತುಗಳು: ಫಲಕದ ಚಿತ್ರ, ಇಂದಿನ ದೂರು, ಅದೇ ಕೈಬರಹದ ಹಳೆಯ ಪಟ್ಟಿ.